ಪಾರಣೆಯಿಲ್ಲದ ಉಪವಾಸ

ಉಪವಾಸವ್ರತಕ್ಕೆ ಎರಡು ತುದಿಗಳುಂಟು. ಒಂದು ಸಂಕಲ್ಪ, ಮತ್ತೊಂದು ಪಾರಣೆ. ಅಷ್ಟಮಿಯ ಪ್ರೋಷಧೋಪವಾಸವನ್ನು ಕೈಕೊಂಡ ಶ್ರಾವಕನು ಸಪ್ತಮಿಯಂದು ಏಕಭುಕ್ತನಾಗಿ, ಅಷ್ಟಮಿಯಂದು ಚತುರ್ವಿಧಾಹಾರವನ್ನು ತ್ಯಜಿಸಿ, ನವಮಿಯಂದು ಪುನಃ ಏಕಭುಕ್ತನಾಗುತ್ತಾನೆ. ಹದಿನಾರು ಪ್ರಹರಗಳು ಕಳೆದ ಮೇಲೆ ಅವನು ಉಣ್ಣುವ ಅನ್ನವೂ ವ್ರತದ ಅಂಗವೇ ಹೊರತು ವ್ರತದ ಭಂಗವಲ್ಲ. ಪಾರಣೆಗೆ ಹೆದರುವ ಉಪವಾಸಿ ಉಪವಾಸವನ್ನೇ ಅರಿತಿಲ್ಲ. ಈ ಸಣ್ಣ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಪ್ರಸಂಗವನ್ನು ವಿಚಾರಿಸಬೇಕು.

ಬೆಳಗಾವಿ ಜಿಲ್ಲೆಯ ಒಂದು ಶ್ರಾವಕ ಕುಟುಂಬ. ಹೆಸರು ಬೇಡ, ಇಂತಹ ಮನೆಗಳು ಒಂದೆರಡಲ್ಲ. ಆ ಮನೆಯ ಮಗಳು ಹದಿನೆಂಟನೆಯ ವಯಸ್ಸಿನಲ್ಲಿ, ಕಾಲೇಜಿಗೆ ಹೋಗುತ್ತಿದ್ದಾಗ, ಚಾತುರ್ಮಾಸದಲ್ಲಿ ತುಪ್ಪ ಮತ್ತು ಬೆಲ್ಲವನ್ನು ಬಿಟ್ಟಳು. ಮನೆಯವರು ಮೆಚ್ಚಿದರು. ಕಾರ್ತಿಕ ಕಳೆಯಿತು, ಬಿಟ್ಟ ರಸಗಳು ಮರಳಲಿಲ್ಲ. ಅನಂತರ ಎಣ್ಣೆ ಹೋಯಿತು, ಹಾಲು ಹೋಯಿತು, ಎರಡು ಹೊತ್ತಿನ ಊಟ ಒಂದಾಯಿತು. ಒಂದು ವ್ರತ ಮುಗಿಯುವಷ್ಟರಲ್ಲಿ ಇನ್ನೊಂದು ವ್ರತ ಸಿದ್ಧವಾಗಿರುತ್ತಿತ್ತು. ಬಸದಿಯಲ್ಲಿ ಹಿರಿಯ ಶ್ರಾವಿಕೆಯರು ಅವಳನ್ನು ತಮ್ಮ ಸೊಸೆಯಂದಿರಿಗೆ ಮಾದರಿಯಾಗಿ ತೋರಿಸಿದರು. ಅವಳ ಋತುಸ್ರಾವ ನಿಂತುಹೋದುದು, ಕೂದಲು ಉದುರುತ್ತಿದ್ದುದು, ವೈಶಾಖದ ಬಿಸಿಲಿನಲ್ಲಿಯೂ ಕೈಗಳು ತಣ್ಣಗಿರುತ್ತಿದ್ದುದು ತಾಯಿಯೊಬ್ಬಳ ಹೊರತು ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ಬೆಳಿಗ್ಗೆ ಅಭಿಷೇಕದ ವೇಳೆಯಲ್ಲಿ ಅವಳು ನಿಂತಲ್ಲಿಯೇ ಕುಸಿದು ಬಿದ್ದ ಮೇಲೆ ವೈದ್ಯರ ಬಳಿಗೆ ಒಯ್ದರು. ಅದು ತಪಸ್ಸಲ್ಲ, ವ್ಯಾಧಿ ಎಂದು ಅಂದು ತಿಳಿಯಿತು.

ಎರಡು ವರ್ಷಗಳ ಚಿಕಿತ್ಸೆಯಾಯಿತು. ಅವಳು ಉಣ್ಣಲು ಕಲಿತಳು. ಕಲಿತಳು ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಮಗುವಿಗೆ ತುತ್ತಿಡುವಂತೆ ತಾಯಿ ಎದುರಿಗೆ ಕುಳಿತು ಉಣ್ಣಿಸಿದಳು. ಈಗ ಆಕೆಗೆ ಇಪ್ಪತ್ತೇಳು ವರ್ಷ. ವ್ಯಾಧಿ ಮರಳಿ ಕಾಣಿಸಿಕೊಂಡು ಅನೇಕ ವರ್ಷಗಳಾದವು. ಆದರೆ ತೂಕವು ಮೊದಲಿನ ಮಟ್ಟವನ್ನು ದಾಟಿದೆ. ತಂದೆಯ ಕಡೆಯವರಲ್ಲಿ ಮಧುಮೇಹವುಂಟು. ಆಕೆಯ ರಕ್ತದ ಸಕ್ಕರೆಯೂ ಅದರ ಹೊಸ್ತಿಲಿಗೆ ಬಂದಿದೆ. ಐದಾರು ಕಿಲೋ ತೂಕ ನಿಧಾನವಾಗಿ ಇಳಿದರೆ ಒಳಿತೆಂದು ವೈದ್ಯರು ಹೇಳಿದ್ದಾರೆ. ಭಾದ್ರಪದ ಸಮೀಪಿಸಿತು. ದಶಲಕ್ಷಣ ಪರ್ವದ ಹತ್ತು ದಿನ ಉಪವಾಸ ಮಾಡುವೆನೆಂದು ಆಕೆ ಅಜ್ಜಿಗೆ ಹೇಳಿದಳು. “ಡಾಕ್ಟರೇ ತೂಕ ಇಳಸು ಅಂದಾರ, ಧರ್ಮಾನೂ ಉಪಾಸ ಮಾಡು ಅಂತೈತಿ. ಎರಡೂ ಒಂದಽ ಆತಲ್ಲ, ಆಯಿ.”

ಅಜ್ಜಿಗೆ ಸಂತೋಷವಾಯಿತು. ತಾಯಿಯ ಮುಖ ಬಿಳಿಚಿಕೊಂಡಿತು.

ಎರಡೂ ಒಂದೇ ಆದುವೆ? ಪ್ರಶ್ನೆ ಇಷ್ಟೇ. ಆದರೆ ಇದಕ್ಕೆ ಉತ್ತರ ಹೇಳುವ ಮೊದಲು ಆ ವ್ಯಾಧಿಯ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಅವಶ್ಯ. ನಮ್ಮ ಮನೆಗಳಲ್ಲಿ ಅದನ್ನು ಹಟವೆಂದೋ, ಸೌಂದರ್ಯದ ಹುಚ್ಚೆಂದೋ, ಇಲ್ಲವೆ ಮೇಲೆ ಹೇಳಿದಂತೆ ವೈರಾಗ್ಯವೆಂದೋ ತಿಳಿಯುವ ರೂಢಿಯಿದೆ. ಪಶ್ಚಿಮದ ವೈದ್ಯರು ಇದನ್ನು ವ್ಯಾಧಿಯೆಂದು ಗುರುತಿಸಿ ಬರೆದು ಒಂದೂವರೆ ಶತಮಾನ ಕಳೆಯಿತು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಸೇಗ್ ಎಂಬ ವೈದ್ಯರಿಬ್ಬರೂ ಒಬ್ಬರನ್ನೊಬ್ಬರು ಅವಲಂಬಿಸದೆ ಇದರ ಲಕ್ಷಣಗಳನ್ನು ವಿವರಿಸಿದರು. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಗಲ್ ಇಟ್ಟದ್ದು. ಹೊಟ್ಟೆ ಬಿರಿಯುವಂತೆ ತಿಂದು ಅನಂತರ ಅದನ್ನು ವಾಂತಿ ಮಾಡಿ ಹೊರಹಾಕುವ ಇನ್ನೊಂದು ರೂಪವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ವೈದ್ಯರು ಬುಲೀಮಿಯಾ ಎಂದು ಹೆಸರಿಸಿ ವಿವರಿಸಿದರು. ಮನೋವ್ಯಾಧಿಗಳಲ್ಲಿ ಅತಿ ಹೆಚ್ಚು ಪ್ರಾಣಹಾನಿ ಮಾಡುವವುಗಳ ಸಾಲಿನಲ್ಲಿ ಮೊದಲನೆಯದು ಸೇರುತ್ತದೆ.

ಶ್ರಾವಕರು ವಿಶೇಷವಾಗಿ ಅರಿಯಬೇಕಾದ ಒಂದು ಪ್ರಯೋಗ ಅಮೆರಿಕದಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದ ಕಾಲ. ತಮ್ಮ ಮತಾಚಾರಕ್ಕೆ ವಿರುದ್ಧವೆಂದು ಆಯುಧ ಹಿಡಿಯಲೊಪ್ಪದ ತರುಣರು ಅಲ್ಲಿ ಇದ್ದರು. ಹಿಂಸೆಯನ್ನು ಬಿಟ್ಟ ಅವರಲ್ಲಿ ಮೂವತ್ತಾರು ಮಂದಿ, ಯುದ್ಧದಿಂದ ಹಸಿದು ಬಳಲಿದವರಿಗೆ ಮತ್ತೆ ಅನ್ನವಿಕ್ಕುವ ಕ್ರಮ ತಿಳಿಯಲೆಂದು, ತಮ್ಮ ದೇಹಗಳನ್ನೇ ಪರೀಕ್ಷೆಗೆ ಒಪ್ಪಿಸಿದರು. ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ 1944ರ ಕೊನೆಯಿಂದ 1945ರವರೆಗೆ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ಮೇಲ್ವಿಚಾರಣೆಯಲ್ಲಿ ಇದು ನಡೆಯಿತು. ಇಪ್ಪತ್ನಾಲ್ಕು ವಾರ ಅವರಿಗೆ ಅರೆಹೊಟ್ಟೆಯ ಊಟ. ತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು. ಅವರೆಲ್ಲ ಆರೋಗ್ಯವಂತರು, ಸ್ಥಿರಮನಸ್ಕರೆಂದು ಪರೀಕ್ಷಿಸಿ ಆರಿಸಲ್ಪಟ್ಟವರು. ಆದರೂ ಅವರ ಮನಸ್ಸು ಹಗಲಿರುಳೂ ಅನ್ನದ ಸುತ್ತಲೇ ಸುತ್ತತೊಡಗಿತು. ಅಡುಗೆಯ ಪುಸ್ತಕಗಳನ್ನು ಓದುವವರಾದರು, ಪಾಕಕ್ರಮಗಳನ್ನು ಸಂಗ್ರಹಿಸುವವರಾದರು, ತಟ್ಟೆ ನೆಕ್ಕುವವರಾದರು. ಸಿಡುಕು, ಖಿನ್ನತೆ, ಏಕಾಂತದ ಬಯಕೆ ಹೆಚ್ಚಿದುವು. ಊಟವನ್ನು ಮತ್ತೆ ಹೆಚ್ಚಿಸಿದ ಮೇಲೂ ಬಹುಕಾಲ ಅವರ ಹಸಿವು ತಣಿಯಲಿಲ್ಲ. ದೇಹದಲ್ಲಿ ಕೊಬ್ಬು ಹಿಂದಿನ ಪ್ರಮಾಣವನ್ನು ಮೀರಿ ಸೇರಿಕೊಂಡಿತು. 1950ರಲ್ಲಿ ಇದರ ವರದಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಇದರಿಂದ ತಿಳಿಯುವುದೇನು? ಮನಸ್ಸು ಕೆಟ್ಟುದರಿಂದ ಹಸಿವೆಯನ್ನು ತಂದುಕೊಳ್ಳುವುದು ಒಂದು ಬಗೆ; ದೀರ್ಘಕಾಲದ ಹಸಿವೆಯೇ ಮನಸ್ಸನ್ನು ಕೆಡಿಸುವುದು ಇನ್ನೊಂದು ಬಗೆ. ವ್ಯಾಧಿಯಿಂದ ಎದ್ದ ಮಗಳ ತೂಕ ಮೊದಲಿಗಿಂತ ಏರಿದ್ದು ಅವಳ ಜಿಹ್ವಾಲೌಲ್ಯದಿಂದಲ್ಲ. ಬರಗಾಲ ಕಂಡ ಒಕ್ಕಲಿಗನು ಕಣಜವನ್ನು ತುಸು ಹೆಚ್ಚಾಗಿಯೇ ತುಂಬಿಟ್ಟುಕೊಳ್ಳುವಂತೆ ಅವಳ ದೇಹವೂ ಮಾಡಿತು. ಅವಳನ್ನು ಕುರಿತು “ಮೊದಲು ಉಣ್ಣದೆ ಕಾಡಿದಳು, ಈಗ ಉಂಡು ಕಾಡುತ್ತಾಳೆ” ಎಂದು ನಗುವ ಬಂಧುಗಳು ಇದನ್ನರಿತರೆ ಒಳ್ಳೆಯದು.

ಇನ್ನು ಧರ್ಮದ ವಿಚಾರ. ಇಲ್ಲಿ ಮೊದಲನೆಯ ಶಂಕೆ: ಶರೀರವು ಪುದ್ಗಲ, ಆತ್ಮನಿಗಿಂತ ಭಿನ್ನ. ಅದು ಕೃಶವಾದರೇನು, ಸ್ಥೂಲವಾದರೇನು? ಮುಮುಕ್ಷುವಿಗೆ ಅದರ ಚಿಂತೆಯೇಕೆ?

ಭೇದವಿಜ್ಞಾನದ ಮಾತು ಸತ್ಯ. ಆದರೆ ಅದನ್ನು ದೇಹದ್ರೋಹದ ಸಮರ್ಥನೆಗೆ ಬಳಸಿದವರು ಆಚಾರ್ಯರಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವೃಷಭಸ್ವಾಮಿಯ ಪಾರಣೆಯ ಪ್ರಕರಣವನ್ನು ಅವಶ್ಯವಾಗಿ ಓದಬೇಕು. ಭಗವಂತನು ಆರು ತಿಂಗಳ ಯೋಗದಲ್ಲಿ ನಿಂತನು. ಅವನನ್ನು ನೋಡಿ ದೀಕ್ಷೆಗೊಂಡ ನಾಲ್ಕು ಸಾವಿರ ಅರಸರು ಹಸಿವನ್ನು ತಾಳಲಾರದೆ ಮಾರ್ಗಭ್ರಷ್ಟರಾದರು. ಸ್ವಾಮಿಯು ಅವರ ಗತಿಯನ್ನು ನೆನೆದು, ಮೋಕ್ಷಾರ್ಥಿಗಳು ಶರೀರವನ್ನು ಬರಿದೆ ಸೊರಗಿಸಲೂ ಬಾರದು, ಉತ್ಕಟ ರಸಗಳಿಂದ ಕೊಬ್ಬಿಸಲೂ ಬಾರದು, ಇಂದ್ರಿಯಗಳು ವಶದಲ್ಲಿರುವಂತೆ ಮಧ್ಯಮವೃತ್ತಿಯನ್ನು ಹಿಡಿಯಬೇಕು ಎಂಬ ಭಾವವನ್ನು ತಾಳಿ, ಮುಂದಿನ ಯತಿಗಳಿಗೆ ಆಹಾರದ ವಿಧಿಯನ್ನು ತೋರಿಸಲೆಂದೇ ಚರ್ಯೆಗೆ ಹೊರಟನು. ಹಸ್ತಿನಾಪುರದಲ್ಲಿ ಶ್ರೇಯಾಂಸನು ಇಕ್ಷುರಸವನ್ನಿತ್ತನು. ಪ್ರತಿವರ್ಷ ಅಕ್ಷಯತೃತೀಯೆಯಂದು ನಮ್ಮ ಮನೆಗಳಲ್ಲಿ ಸ್ಮರಿಸುವುದು ಸ್ವಾಮಿಯ ನಿರಾಹಾರವನ್ನಲ್ಲ, ಆಹಾರಗ್ರಹಣವನ್ನು, ಇದನ್ನು ಮರೆಯಬಾರದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಶರೀರವನ್ನು ವರ್ತಕನ ಸರಕು ತುಂಬಿದ ಮನೆಗೆ ಹೋಲಿಸಿ, ಆ ಮನೆಯ ನಾಶವನ್ನು ಯಾವ ವರ್ತಕನೂ ತಾನಾಗಿ ಬಯಸನೆಂದು ತೋರಿಸಿದ್ದಾರೆ. ಸರಕೆಂದರೆ ವ್ರತಶೀಲಗಳು. ಅದನ್ನು ಅವರು ಹೇಳಿದ್ದಾದರೂ ಸಲ್ಲೇಖನೆಯ ಪ್ರಕರಣದಲ್ಲಿ ಎಂಬುದು ಗಮನಾರ್ಹ.

ಹೀಗಿರಲು, ಹೊಸ್ತಿಲಿಗೆ ಬಂದ ಮಧುಮೇಹವನ್ನು ತಡೆಯಲು ತೂಕ ಇಳಿಸುವುದು ದೋಷವಲ್ಲ. ಅದು ಮನೆಯ ಗೋಡೆಯ ಬಿರುಕನ್ನು ಮುಚ್ಚಿದಂತೆ. ಆದರೆ ಅದು ವ್ರತವೂ ಅಲ್ಲ. ಅದರ ಹೆಸರು ಪಥ್ಯ. ಪಥ್ಯಕ್ಕೆ ಪಥ್ಯವೆಂದೇ ಹೆಸರಿಡುವುದು ಸತ್ಯಾಣುವ್ರತಕ್ಕೆ ಒಪ್ಪುವ ನಡೆ. ವ್ರತಿಯಾದವನು ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನಾಗಿರಬೇಕೆಂದು ತತ್ತ್ವಾರ್ಥಸೂತ್ರವು ವಿಧಿಸುತ್ತದೆ. ಫಲವನ್ನು ಮುಂದಿಟ್ಟುಕೊಂಡು ಮಾಡಿದ ತಪಸ್ಸಿನಲ್ಲಿ ನಿದಾನದ ಮುಳ್ಳು ಮುರಿದುಕೊಂಡಿರುತ್ತದೆ. ಸ್ವರ್ಗವನ್ನು ಬಯಸಿ ಮಾಡಿದ ಉಪವಾಸವೇ ಸಶಲ್ಯವೆನಿಸುವಾಗ, ಸೊಂಟದ ಸುತ್ತಳತೆಯನ್ನು ಬಯಸಿ ಮಾಡಿದ್ದು ಹೇಗೆ ನಿಃಶಲ್ಯವಾದೀತು? ಈ ಮಾತು ಆ ಮಗಳೊಬ್ಬಳಿಗೇ ಅಲ್ಲ. ವರ್ಷಕ್ಕೊಮ್ಮೆ ಪರ್ವದಲ್ಲಿ ಹೊಟ್ಟೆ ಕರಗಿಸಿಕೊಂಡು, ಮೆರವಣಿಗೆಯಲ್ಲಿ ಹಾರ ಹಾಕಿಸಿಕೊಳ್ಳುವ ಪುಷ್ಟದೇಹದ ವರ್ತಕರಿಗೂ ಇದು ಸಲ್ಲುತ್ತದೆ. ಅವರ ಆರೋಗ್ಯಕ್ಕೆ ಕೇಡಿಲ್ಲ. ಅವರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಒಂದು ಬಾಬ್ತು ತಪ್ಪಾದ ಕಡೆ ಜಮೆಯಾಗಿದೆ.

ಆಕೆಯ ವಿಷಯದಲ್ಲಿ ಮಾಯಾಶಲ್ಯವೂ ಉಂಟು. ಈ ವ್ಯಾಧಿ ಸದಾ ಮರೆಯನ್ನು ಹುಡುಕುತ್ತದೆ. ಅನ್ಯರ ಮನೆಗಳಲ್ಲಿ ಅದು ಪರೀಕ್ಷೆಯ ಓದು, ಅಜೀರ್ಣ ಎಂಬ ನೆಪಗಳ ಹಿಂದೆ ನಿಂತರೆ, ನಮ್ಮ ಮನೆಗಳಲ್ಲಿ ಅದಕ್ಕೆ ವ್ರತದಂತಹ ಮರೆ ಸಿದ್ಧವಾಗಿಯೇ ಇದೆ. ಉಣ್ಣದ ಹುಡುಗಿಯನ್ನು ಇತರರು ಗದರಿಸುತ್ತಾರೆ, ನಾವು ಗೌರವಿಸುತ್ತೇವೆ. ವ್ರತದ ದೋಷವಲ್ಲ ಇದು. ಆದರೆ ವ್ರತವನ್ನು ಕೊಡುವವರೂ ಹೊಗಳುವವರೂ ಕಣ್ಣು ತೆರೆದಿರಬೇಕಾದ ಸ್ಥಳ. ಕಿರಿಯರಿಗೆ ಉಪವಾಸದ ಸಂಕಲ್ಪ ಮಾಡಿಸುವ ಮೊದಲು, ಹಿಂದಿನ ಉಪವಾಸದ ಪಾರಣೆಯನ್ನು ಅವರು ಹೇಗೆ ಮಾಡಿದರು ಎಂದು ವಿಚಾರಿಸಿದರೆ ಸಾಕು, ಎಷ್ಟೋ ತಿಳಿಯುತ್ತದೆ. ಪಾರಣೆಯ ತಟ್ಟೆಯ ಮುಂದೆ ಕುಳಿತು ಅಳುವವಳಿಗೆ, ಮುಂದಿನ ಸಂಕಲ್ಪದಿಂದ ಪಾರಣೆಯನ್ನೇ ತಪ್ಪಿಸಿಕೊಳ್ಳುವವಳಿಗೆ ಬೇಕಾದುದು ಪ್ರತ್ಯಾಖ್ಯಾನವಲ್ಲ, ವೈದ್ಯ.

ಎರಡನೆಯ ಶಂಕೆ ಅಜ್ಜಿಯದು, ಅದು ತಳ್ಳಿಹಾಕುವಂತಹುದಲ್ಲ. ಹೀಗೆ ಒಬ್ಬೊಬ್ಬರಿಗೂ ಒಂದೊಂದು ವಿನಾಯಿತಿ ಕೊಡುತ್ತ ಹೋದರೆ ತಪಸ್ಸು ಉಳಿಯುವುದೆಲ್ಲಿ? ಅವರ ಕಾಲದಲ್ಲಿ ಜ್ವರ ಬಂದರೂ ಚತುರ್ದಶಿಯ ಉಪವಾಸ ತಪ್ಪುತ್ತಿರಲಿಲ್ಲ.

ಷೋಡಶಭಾವನೆಗಳಲ್ಲಿ ತಪಸ್ಸಿನ ಭಾವನೆಗೆ ‘ಶಕ್ತಿತಃ’ ಎಂಬ ವಿಶೇಷಣ ಸೇರಿದೆ. ಇದನ್ನು ಸೋಮಾರಿಗಳಿಗೆ ಕೊಟ್ಟ ರಿಯಾಯಿತಿಯೆಂದು ಅನೇಕರು ಭಾವಿಸುತ್ತಾರೆ. ಟೀಕಾಕಾರರ ಅಭಿಪ್ರಾಯ ಹಾಗಿಲ್ಲ. ಇರುವ ವೀರ್ಯವನ್ನು ಬಚ್ಚಿಡದೆ ಮಾಡಬೇಕೆಂಬುದು ಅದರ ತಾತ್ಪರ್ಯ. ಬಚ್ಚಿಡುವುದು ತಪ್ಪಾದಂತೆ ಇಲ್ಲದುದನ್ನು ಇದೆಯೆಂದು ತೋರಿಸುವುದೂ ತಪ್ಪು. ಆ ಮಗಳ ಶಕ್ತಿ ಎಲ್ಲಿದೆ? ಉಣ್ಣದಿರುವುದರಲ್ಲಿ ಅವಳಿಗೆ ಶ್ರಮವೇ ಇಲ್ಲ. ಎರಡು ದಿನ ಹಸಿದರೆ ಆ ಹಳೆಯ ವ್ಯಾಧಿ ತಾನಾಗಿ ಬಂದು ಅವಳನ್ನು ಹೊತ್ತುಕೊಂಡು ಹೋಗುತ್ತದೆ. ಇಳಿಜಾರಿನಲ್ಲಿ ಉರುಳುವ ಕಲ್ಲಿಗೆ ನಡಿಗೆಯ ಪುಣ್ಯವೆಲ್ಲಿಂದ ಬಂತು? ಹೊತ್ತಿಗೆ ಸರಿಯಾಗಿ ಕುಳಿತು, ಸಾಕಾಗುವಷ್ಟು ಉಂಡು, ಸಾಕೆನಿಸಿದಲ್ಲಿ ನಿಲ್ಲಿಸಿ, ಏಳುವುದರಲ್ಲಿ ಅವಳ ವೀರ್ಯವೆಲ್ಲ ವ್ಯಯವಾಗುತ್ತದೆ. ವೀರ್ಯ ಎಲ್ಲಿ ವ್ಯಯವಾಗುತ್ತದೆಯೋ ತಪಸ್ಸು ಅಲ್ಲಿಯೇ ಇದೆ.

ಬಾಹ್ಯತಪಸ್ಸಿನಲ್ಲಿ ಅನಶನದ ಮುಂದಿನದೇ ಅವಮೌದರ್ಯ. ಪುರುಷನ ಪೂರ್ಣಾಹಾರ ಮೂವತ್ತೆರಡು ಕವಳ, ಸ್ತ್ರೀಯ ಪೂರ್ಣಾಹಾರ ಇಪ್ಪತ್ತೆಂಟು ಕವಳ, ಅದರಿಂದ ಒಂದಾದರೂ ಕಡಿಮೆ ಮಾಡುವುದು ಅವಮೌದರ್ಯವೆಂದು ಮೂಲಾಚಾರದ ಸಂಪ್ರದಾಯ ತಿಳಿಸುತ್ತದೆ. ಗ್ರಂಥವು ಮೊದಲು ಪೂರ್ಣವನ್ನು ಹೇಳಿ ಆಮೇಲೆ ಊನವನ್ನು ಹೇಳಿದೆ. ಪೂರ್ಣವೆಷ್ಟೆಂದು ಅರಿಯದವನಿಗೆ ಊನವೆಂಬುದು ಹೇಗೆ ಸಾಧ್ಯ? ಈ ವ್ಯಾಧಿಯು ಮನುಷ್ಯನಿಂದ ಕಸಿದುಕೊಳ್ಳುವುದು ಆ ಪೂರ್ಣದ ಅರಿವನ್ನೇ. ಹಸಿವೂ ತೃಪ್ತಿಯೂ ಎರಡೂ ದಿಕ್ಕುತಪ್ಪುತ್ತವೆ. ಆದುದರಿಂದ ತೂಕ ಇಳಿಸುವ ವಿಚಾರಕ್ಕಿಂತ ಮೊದಲು ಬಹುಕಾಲ ಹಸಿವೆ-ತೃಪ್ತಿಗಳು ಸ್ಥಿರವಾಗಿ ನಿಂತಿರಬೇಕು, ಋತುಚಕ್ರ ಸರಿಯಿರಬೇಕು, ಅನ್ನದ ಚಿಂತೆ ಮನಸ್ಸಿನ ಮೂಲೆಗೆ ಸರಿದಿರಬೇಕು. ಇನ್ನೊಂದು ಎಚ್ಚರ: ಕವಳಗಳ ಸಂಖ್ಯೆ ಮುನಿಗಳಿಗೆ ಹೇಳಿದ್ದು. ಈ ಮಗಳು ಎಣಿಸಲು ತೊಡಗಿದರೆ ಎಣಿಕೆ ನಿಲ್ಲುವುದಿಲ್ಲ. ಅವಳ ಹಳೆಯ ನೋಟುಪುಸ್ತಕಗಳ ಕೊನೆಯ ಹಾಳೆಗಳಲ್ಲಿ ಅಂಕಿಗಳ ಸಾಲುಗಳನ್ನು ತಾಯಿ ಕಂಡಿದ್ದಾಳೆ.

ಈ ಸಂದರ್ಭದಲ್ಲಿ ಸಮಂತಭದ್ರಸ್ವಾಮಿಗಳ ಕಥೆ ಸ್ಮರಣೀಯ. ಅವರಿಗೆ ಭಸ್ಮಕವ್ಯಾಧಿ ಬಂದಿತು. ಎಷ್ಟು ಉಂಡರೂ ಬೂದಿಯಾಗುವ ಹಸಿವು. ಮುನಿಯ ಒಂದು ಹೊತ್ತಿನ ಪಾಣಿಪಾತ್ರದ ಆಹಾರದಿಂದ ಅದು ಶಮನವಾಗುವಂತಿರಲಿಲ್ಲ. ಅವರು ಗುರುವಿನಲ್ಲಿ ಸಲ್ಲೇಖನೆಯ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಅವರಿಂದ ಧರ್ಮಪ್ರಭಾವನೆ ಆಗಬೇಕಾಗಿದೆಯೆಂದು ತಿಳಿದು, ಎಲ್ಲಿಯಾದರೂ ಹೇಗಾದರೂ ಉಂಡು ವ್ಯಾಧಿಯನ್ನು ಕಳೆದುಕೊಂಡು ಬಂದು ಮರಳಿ ದೀಕ್ಷೆಗೊಳ್ಳಬೇಕೆಂದು ಆಜ್ಞಾಪಿಸಿದರು. ದೇವಚಂದ್ರನ ರಾಜಾವಳಿಕಥೆಯಲ್ಲಿ ಈ ವೃತ್ತಾಂತ ಕನ್ನಡದಲ್ಲಿದೆ. ಸ್ವಾಮಿಗಳು ಕಂಚಿಯಲ್ಲಿ ಶಿವಕೋಟಿ ಮಹಾರಾಜನ ದೇವಾಲಯದ ನೈವೇದ್ಯವನ್ನೆಲ್ಲ ಬಾಗಿಲು ಮುಚ್ಚಿಕೊಂಡು ತಾವೇ ಉಂಡರು. ದಿನ ಕಳೆದಂತೆ ಉರಿ ಶಾಂತವಾಯಿತು, ನೈವೇದ್ಯ ಸ್ವಲ್ಪ ಸ್ವಲ್ಪವಾಗಿ ಉಳಿಯತೊಡಗಿತು. ಮುಂದಿನ ಸ್ತೋತ್ರದ ಪ್ರಭಾವ, ಚಂದ್ರಪ್ರಭಸ್ವಾಮಿಯ ಬಿಂಬದ ಉದಯ ಎಲ್ಲರಿಗೂ ತಿಳಿದದ್ದೇ. ಪ್ರಕೃತಕ್ಕೆ ಬೇಕಾದುದು ಅದಕ್ಕಿಂತ ಹಿಂದಿನ ಭಾಗ. ಶ್ರಾವಕರ ಉಪವಾಸ, ಪ್ರೋಷಧ, ಸಲ್ಲೇಖನೆಗಳ ಲಕ್ಷಣವನ್ನು ರತ್ನಕರಂಡಕದಲ್ಲಿ ಬರೆದುಕೊಟ್ಟ ಆಚಾರ್ಯರಿಗೇ ಒಮ್ಮೆ ಅವರ ಗುರು, ವ್ರತವನ್ನು ಬದಿಗಿಟ್ಟು ಉಣ್ಣು ಎಂದು ಹೇಳಬೇಕಾಯಿತು. ಹೇಳಿದ್ದನ್ನು ಅವರು ಪಾಲಿಸಿದರು. ಆಹಾರ ಕಡಿಮೆಯಾದುದು ಹಟದಿಂದಲ್ಲ, ವ್ಯಾಧಿ ಬಿಟ್ಟುಹೋದುದರಿಂದ.

ಆ ತಟ್ಟೆಯಲ್ಲಿ ಅನ್ನ ಉಳಿದುದೇ ಅರಸನ ಜನರ ಸಂಶಯಕ್ಕೆ ಕಾರಣವಾಯಿತೆಂಬುದೂ ಕಥೆಯಲ್ಲಿದೆ. ಗುಣಮುಖರಾದವರ ಪಾಡು ಇಂದಿಗೂ ಹಾಗೆಯೇ. ಉಂಡರೆ ಒಂದು ಕಣ್ಣು, ಬಿಟ್ಟರೆ ಇನ್ನೊಂದು ಕಣ್ಣು.

ಹಾಗಾದರೆ ಪಥ್ಯದ ಕ್ರಮವೇನು? ಇದರಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ಮೊದಲು ಚಿಕಿತ್ಸೆ ಮಾಡಿದ ಮನೋವೈದ್ಯರ ಅನುಮತಿ, ಬಳಿಕ ಆಹಾರತಜ್ಞರ ಸಲಹೆ. ಯಾವ ಹೊತ್ತಿನ ಊಟವನ್ನೂ ಬಿಡಕೂಡದು, ಏಕೆಂದರೆ ಬಿಟ್ಟ ಊಟವೇ ಈ ವ್ಯಾಧಿ ಒಳಬರುವ ಬಾಗಿಲು. ಸಾಮಾನ್ಯರಿಗೆ ವಾರಕ್ಕೆ ಅರ್ಧ ಕಿಲೋ ಇಳಿಯುವುದು ಮಿತವೆನ್ನುತ್ತಾರೆ; ಇಂತಹವರಿಗೆ ಅದಕ್ಕಿಂತಲೂ ನಿಧಾನ ಒಳ್ಳೆಯದು. ದೇಹದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ರಕ್ತದ ಸಕ್ಕರೆಗೆ ಗುಣವುಂಟು. ಕನ್ನಡಿಗೆ ಒಪ್ಪುವ ದೇಹ ಬೇಕಾಗಿಲ್ಲ. ತಕ್ಕಡಿ ಮನೆಯಲ್ಲಿರುವುದಕ್ಕಿಂತ ವೈದ್ಯರಲ್ಲಿ ಇರುವುದು ಲೇಸು. ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಸಂಜೆಯಿಂದ ಬೆಳಗಿನವರೆಗೆ ಅಂತರ ದೀರ್ಘವಾಗುವುದರಿಂದ ಬೆಳಗಿನ ಉಪಾಹಾರ ಬೇಗನೆ ಆಗಬೇಕು. ಮಧ್ಯಾಹ್ನ ಜೋಳದ ರೊಟ್ಟಿ, ಕಾಯಿಪಲ್ಯ, ಹೆಸರು ಅಥವಾ ತೊಗರಿಯ ಬೇಳೆ. ನಡುವೆ ಹಣ್ಣು ಇಲ್ಲವೆ ಹಾಲು. ಸೂರ್ಯಾಸ್ತಕ್ಕೆ ಮುಂಚೆ ಇನ್ನೊಂದು ಊಟ. ದ್ವಿದಲದ ನಿಯಮಕ್ಕೆ ಇದರಿಂದ ಬಾಧಕವಿಲ್ಲ. ಇಡೀ ಮನೆಯವರು ಉಣ್ಣುವುದನ್ನೇ ಅವಳೂ ಉಣ್ಣಬೇಕು. ಅವಳಿಗಾಗಿ ಬೇರೆ ಪಾತ್ರೆ ಒಲೆಗೇರಿದ ದಿನ ತಾಯಿ ಎಚ್ಚರಗೊಳ್ಳಬೇಕು. ದಿನಕ್ಕೆ ಅರ್ಧ ಗಂಟೆಯ ನಡಿಗೆ ಒಳ್ಳೆಯದು, ಆದರೆ ಉಂಡದ್ದಕ್ಕೆ ಪ್ರಾಯಶ್ಚಿತ್ತವಾಗಿ ನಡೆಯಬಾರದು. ಪ್ರಾಯಶ್ಚಿತ್ತವು ದೋಷಕ್ಕೆ, ಊಟವು ದೋಷವಲ್ಲ. ತಲೆಸುತ್ತು, ಮುಟ್ಟು ತಪ್ಪುವುದು, ಗುಟ್ಟಾಗಿ ಉಣ್ಣುವುದು ಅಥವಾ ಎಸೆಯುವುದು, ಹಸಿವೆಯಲ್ಲಿ ಒಂದು ಬಗೆಯ ಗೆಲುವು ತೋರುವುದು, ಇವುಗಳಲ್ಲಿ ಒಂದು ಕಂಡರೂ ತೂಕದ ಪ್ರಯತ್ನವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಧುಮೇಹಕ್ಕೆ ಬೇರೆ ಔಷಧಗಳಿವೆ.

ಪರ್ವದಲ್ಲಿ ಅವಳು ಏನು ಮಾಡಬೇಕು? ರಸಪರಿತ್ಯಾಗವೂ ಬೇಡ, ಅವಳ ಕಥೆ ಆರಂಭವಾದುದೇ ಅಲ್ಲಿಂದ. ಅಂತರಂಗ ತಪಸ್ಸಿನ ಆರು ಭೇದಗಳು ಹಾಗೆಯೇ ಉಳಿದಿವೆ, ಅವುಗಳಿಗೆ ತಕ್ಕಡಿಯ ಭಯವಿಲ್ಲ. ಮುನಿಗಳಿಗೆ ಆಹಾರದಾನ ಮಾಡುವುದು ಶ್ರೇಷ್ಠವೇ, ಆದರೆ ಎಲ್ಲರಿಗೂ ಬಡಿಸಿ ತಾನು ಮಾತ್ರ ಉಣ್ಣದಿರುವುದೂ ಈ ವ್ಯಾಧಿಯ ಒಂದು ಲಕ್ಷಣವಾದುದರಿಂದ, ಬಡಿಸಿದವಳು ಉಂಡಳೇ ಎಂದು ನೋಡುವವರೊಬ್ಬರಿರಬೇಕು.

ಆ ಮನೆಯಲ್ಲಿ ಕಡೆಗೆ ಆದುದು ಹೀಗೆ. ಊರಿಗೆ ಬಂದಿದ್ದ ಆರ್ಯಿಕಾ ಮಾತಾಜಿಯವರಲ್ಲಿ ತಾಯಿ ಏನನ್ನೂ ಮುಚ್ಚದೆ ಹೇಳಿದಳು. ಮಾತಾಜಿಯವರು ಉಪವಾಸದ ಪ್ರತ್ಯಾಖ್ಯಾನವನ್ನು ಕೊಡಲಿಲ್ಲ. ಹತ್ತು ದಿನವೂ ಮೂರು ಹೊತ್ತು ಮನೆಯವರೊಡನೆ ಕುಳಿತು ಉಣ್ಣುವುದು, ತೂಕ ನೋಡಿಕೊಳ್ಳದಿರುವುದು, ಮಧ್ಯಾಹ್ನ ಕಣ್ಣು ಮಂಜಾದ ಅಜ್ಜಿಗೆ ರತ್ನಕರಂಡಕವನ್ನು ಓದಿ ಹೇಳುವುದು, ಇಷ್ಟನ್ನು ನಿಯಮವಾಗಿ ಕೊಟ್ಟರು. ಮೂರನೆಯ ದಿನ, ಉತ್ತಮ ಆರ್ಜವದಂದು, ಮಗಳು ತಾಯಿಯ ಬಳಿ ಕುಳಿತು, ಹತ್ತು ದಿನದ ಉಪವಾಸದ ಮಾತನ್ನಾಡುವಾಗ ತನ್ನ ಮನಸ್ಸಿನಲ್ಲಿ ಹತ್ತು ಧರ್ಮಗಳಿರಲಿಲ್ಲ, ಹತ್ತನೆಯ ದಿನದ ತಕ್ಕಡಿಯ ಮುಳ್ಳು ಇತ್ತು ಎಂದು ಹೇಳಿದಳು. ಈ ಮಾತನ್ನಾಡಲು ಬೇಕಾದ ಬಲ ಯಾವ ಉಪವಾಸಕ್ಕೆ ಬೇಕಾದ ಬಲಕ್ಕೂ ಕಡಿಮೆಯಲ್ಲ.

ಅಜ್ಜಿ ಇದನ್ನೆಲ್ಲ ವ್ರತವೆಂದು ಪೂರ್ತಿಯಾಗಿ ಒಪ್ಪಿದರೆಂದು ಹೇಳಲಾಗದು. ಊಟ ಮಾಡುವ ನಿಯಮವನ್ನು ಅವರು ತಮ್ಮ ಆಯುಷ್ಯದಲ್ಲಿ ಕೇಳಿದವರಲ್ಲ. ಎಂಬತ್ತರ ಸಮೀಪದ ಆ ತಾಯಿ ಅನಂತಚತುರ್ದಶಿಯಂದು ತಮ್ಮ ಉಪವಾಸವನ್ನು ಎಂದಿನಂತೆ ನಿರ್ವಿಘ್ನವಾಗಿ ಮಾಡಿದರು. ಪಕ್ಕದಲ್ಲಿ ಮೊಮ್ಮಗಳು ಉಣ್ಣುವುದನ್ನು ಮಾತಿಲ್ಲದೆ ನೋಡಿದರು. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದಾಗ ಮೊಮ್ಮಗಳು ಪಾರಣೆಗೆ ಹೆಸರುಬೇಳೆಯ ತೊವ್ವೆ, ಮೆತ್ತನೆಯ ಅನ್ನ ಸಿದ್ಧಮಾಡಿ ಅಜ್ಜಿಗೊಂದು ಮಣೆ ಹಾಕಿದ್ದಳು. ಅಜ್ಜಿ ಕುಳಿತುಕೊಳ್ಳಲಿಲ್ಲ.

“ನನ್ನ ತಾಟಿನ ಬಾಜೂಕ ನಿಂದೂ ಹಾಕು” ಎಂದರು.